ನನ್ನ ಪಕ್ಕದಲ್ಲಿ ನಿಂತವನು

ಈಗಿನ ಸಿನಿಮಾಗಳ ಮೇಲೆ ನನಗೆ ಸ್ವಲ್ಪ ಹೊಟ್ಟೆಕಿಚ್ಚಿದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಂಪ್ಯೂಟರಿನ ಮುಂದೆ ಕೂತವರು ಒಬ್ಬ ಸೈನಿಕನನ್ನು ಲಕ್ಷ ಸೈನಿಕರನ್ನಾಗಿ ಮಾಡುತ್ತಾರೆ, ಇಲ್ಲದ ಬೆಟ್ಟದಿಂದ ಇಲ್ಲದ ಜಲಪಾತ ಸುರಿಸುತ್ತಾರೆ. ನೋಡುವವರು ಮಾತ್ರ ಬಾಯಿ ಆಡಿಸುತ್ತ, “ಗ್ರಾಫಿಕ್ಸ್ ಕಣ್ರೀ” ಎಂದು ಸುಮ್ಮನಾಗುತ್ತಾರೆ. ಮೊನ್ನೆ ಒಂದು ಸಿನಿಮಾದಲ್ಲಿ ಹಸುವೊಂದು ತನ್ನ ಪಾಡಿಗೆ ಬಾಲ ಬೀಸುತ್ತ ನಡೆದುಹೋಯಿತು. ಪಕ್ಕದ ಸೀಟಿನವರು ಅದಕ್ಕೂ “ಗ್ರಾಫಿಕ್ಸ್” ಎಂದರು. ಪಾಪ, ಹಸು! ನಮ್ಮ ಕಾಲದಲ್ಲಿ ಸಂಗತಿ ತಿರುಗುಮುರುಗಾಗಿತ್ತು. ಕಣ್ಣಿಗೆ ಕಂಡದ್ದನ್ನೆಲ್ಲ ಜನ ನಂಬುತ್ತಿದ್ದರು. ಹಾಗೆ ನಂಬಿದ್ದರಿಂದಲೇ ಎಪ್ಪತ್ತರ ದಶಕದಲ್ಲಿ ನನ್ನ ಮದುವೆ ತಪ್ಪಿಹೋಗುವುದರಲ್ಲಿತ್ತು.

ಆಗ ನಾನು ಶಿಕಾರಿಪುರದಲ್ಲಿ ಗುಮಾಸ್ತ. ಯಾರ ಜಮೀನು ಯಾರ ಹೆಸರಿನಲ್ಲಿದೆ ಎಂದು ಪಹಣಿ ಬರೆಯುವುದು ನನ್ನ ಕೆಲಸ. ಊರಿಗೆ ಬಂದ ಟೆಂಟ್ ಸಿನಿಮಾದಲ್ಲಿ ಒಂದು ಚಿತ್ರ ನೋಡಿದೆ. ಅದರಲ್ಲಿ ಅಣ್ಣನೂ ಅದೇ ನಟ, ತಮ್ಮನೂ ಅದೇ ನಟ. ಇಬ್ಬರೂ ಎದುರುಬದುರು ಕೂತು ಊಟ ಮಾಡಿದ್ದನ್ನು ಕಂಡು ನನಗೆ ಹುಚ್ಚು ಹಿಡಿದಂತಾಯಿತು. ಮಾರನೇ ದಿನ ಪೇಟೆಯಲ್ಲಿ ಫೋಟೊ ಸ್ಟುಡಿಯೋ ಇಟ್ಟಿದ್ದ ಜಬ್ಬಾರ್ ಸಾಹೇಬರನ್ನು, “ಅದು ಹೇಗೆ ಸಾಧ್ಯ ಸಾಹೇಬರೇ?” ಎಂದು ಕೇಳಿದೆ. ಅವರು ಗಡ್ಡ ನೀವಿಕೊಂಡು ನಕ್ಕರು. “ಅದೇನ್ ದೊಡ್ಡ ಮಾತ್ರೀ ಗುಮಾಸ್ತರೇ? ಬರ್ರಿ, ನಿಮ್ಮನ್ನೂ ಇಬ್ಬರು ಮಾಡಿ ಕೊಡ್ತೀನಿ.”

ಮಾಡಿಯೇ ಬಿಟ್ಟರು. ಕ್ಯಾಮೆರಾದ ಕಣ್ಣಿಗೆ ಅರ್ಧ ಕಪ್ಪು ರಟ್ಟು ಮುಚ್ಚಿ, ಸ್ಟುಡಿಯೋದ ಕೋಟು ತೊಡಿಸಿ, ಕೈಗೊಂದು ದಪ್ಪ ಪುಸ್ತಕ ಕೊಟ್ಟು ಕುರ್ಚಿಯಲ್ಲಿ ಕೂರಿಸಿದರು. “ಉಸಿರಾಡಬಹುದು, ಅಲುಗಾಡಬಾರದು” ಎಂದು ಅಪ್ಪಣೆಯಾಯಿತು. ಆಮೇಲೆ ಅದೇ ಫಿಲ್ಮಿನ ಮೇಲೆ, ರಟ್ಟನ್ನು ಇನ್ನೊಂದು ಅರ್ಧಕ್ಕೆ ಸರಿಸಿ, ಕೋಟು ಬಿಚ್ಚಿಸಿ, ಕಪ್ಪು ಕನ್ನಡಕ ಹಾಕಿಸಿ, ಅಂಗಿಯ ತೋಳು ಮಡಿಸಿ, ಸೊಂಟದ ಮೇಲೆ ಕೈಯಿಡಿಸಿ ನಿಲ್ಲಿಸಿದರು. ಪ್ರಿಂಟು ಬಂದಾಗ ನನಗೇ ನಾಚಿಕೆಯಾಯಿತು. ಕೂತವನು ನಾನೇ, ಗಂಭೀರವಾಗಿದ್ದ, ಸ್ವಲ್ಪ ಪೆಚ್ಚುಪೆಚ್ಚಾಗಿಯೂ ಇದ್ದ. ನಿಂತವನೂ ನಾನೇ, ಆದರೆ ಯಾವ ಕೆಲಸ ಹೇಳಿದರೂ ಚಿಟಿಕೆ ಹೊಡೆಯುವುದರೊಳಗೆ ಮುಗಿಸಿಬಿಡುವವನ ಹಾಗೆ ನಗುತ್ತಿದ್ದ. ಅಷ್ಟು ಚುರುಕಿನ ಮನುಷ್ಯ ನನ್ನೊಳಗೆ ಇದ್ದಾನೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ನಾನು ಕಚೇರಿಗೆ ಹೋಗಿದ್ದಾಗ ನನ್ನ ಸೋದರಮಾವ ಮನೆಗೆ ಬಂದು, ಸೊರಬದ ಕಡೆ ಉಳವಿಯಲ್ಲೊಂದು ಒಳ್ಳೆಯ ಸಂಬಂಧವಿದೆ, ಹುಡುಗನ ಫೋಟೊ ಕೊಡು ಎಂದು ಅಮ್ಮನನ್ನು ಕೇಳಿದರಂತೆ. ಅಮ್ಮ ಅದೇ ಫೋಟೊವನ್ನು ಲಕೋಟೆಗೆ ಹಾಕಿ ಕೊಟ್ಟಳು. ನಾನು ಆಮೇಲೆ ತಲೆ ಚಚ್ಚಿಕೊಂಡಾಗ ಅವಳ ಉತ್ತರ ಸಿದ್ಧವಾಗಿತ್ತು. “ಏನಾತೀಗ? ಕೂತದ್ದೂ ಕಾಣ್ತತಿ, ನಿಂತದ್ದೂ ಕಾಣ್ತತಿ. ಹುಡುಗ ಎತ್ತರ ಎಷ್ಟದಾನ ಅಂತ ಅವರು ಕೇಳೋದೇ ಬ್ಯಾಡ!”

ಹೆಣ್ಣು ನೋಡಲು ನಾನೂ ಮಾವನೂ ಉಳವಿಗೆ ಹೋಗಿ ಬಸ್ಸಿಳಿದಾಗ, ಹುಡುಗಿಯ ತಂದೆ ಚೌಡಪ್ಪನವರು ನಮ್ಮನ್ನು ನೋಡುವುದು ಬಿಟ್ಟು ಬಸ್ಸಿನೊಳಗೆ ಇಣುಕಿದರು. “ಇನ್ನೊಬ್ರು ಎಲ್ಲಿ?” ಎಂದರು. ಕಂಡಕ್ಟರನ್ನು ಕೇಳುತ್ತಿರಬೇಕೆಂದುಕೊಂಡು ನಾನು, “ಹಿಂದೆ ಇದ್ದಾರೆ” ಎಂದೆ. ಮನೆಯಲ್ಲಿ ನಮ್ಮ ಮುಂದೆ ಮೂರು ತಟ್ಟೆ ಉಪ್ಪಿಟ್ಟು ಬಂದು ಕೂತಿತು. ಇರುವವರು ಇಬ್ಬರು. ಆಗ ಚೌಡಪ್ಪನವರು ಗಂಟಲು ಸರಿಮಾಡಿಕೊಂಡು ಫೋಟೊ ಹೊರತೆಗೆದರು.

“ನಿಮ್ಮ ಮಾವ ಹುಡುಗ ಒಬ್ಬನೇ ಮಗ, ಜಮೀನಿಗೆ ಪಾಲುದಾರರಿಲ್ಲ ಅಂದ್ರು. ಮತ್ತೆ ಈ ಅಣ್ಣಾವ್ರು ಎಲ್ಲಿಂದ ಬಂದ್ರು? ಅಣ್ಣನಿಗೆ ಮದುವೆ ಆಗದೆ ತಮ್ಮಂಗೆ ಎಂತಕ್ಕೆ ಹೆಣ್ಣು ನೋಡ್ತೀರಿ? ಅವರಿಗೇನಾದ್ರೂ ಕಾಯಿಲೆ ಗೀಯಿಲೆ ಉಂಟನ?”

ಲಕೋಟೆ ಬಿಚ್ಚಿಯೇ ನೋಡದೆ ತಲುಪಿಸಿದ್ದ ನನ್ನ ಮಾವ ಈಗ ಫೋಟೊ ಇಸಿದುಕೊಂಡು ದಿಟ್ಟಿಸಿ, “ಹೌದಲ್ಲೋ, ಇವನ್ಯಾರೋ?” ಎಂದು ನನ್ನನ್ನೇ ಕೇಳಿದರು. ನಾನು ಬೆವರುತ್ತ ಕಪ್ಪು ರಟ್ಟಿನ ಸಂಗತಿ ವಿವರಿಸಿದೆ, ಸಿನಿಮಾದಲ್ಲೂ ಹೀಗೇ ಮಾಡುತ್ತಾರೆ ಎಂದೆ. ಚೌಡಪ್ಪನವರು ತಲೆ ಕೊಡವಿದರು. “ಸಿನಿಮಾದಲ್ಲಿ ದೇವರು ಮಾಯ ಆಗ್ತಾನೆ, ನಾನೂ ಕೈ ಮುಗ್ದಿದೀನಿ. ನಿಮ್ಮ ಅಣ್ಣ ಮಾಯ ಆಗೋದು ಎಂತ ಕತೆ ಮಾರಾಯ್ರೆ?” ಬೇಕಾದರೆ ಪಹಣಿ ತಂದು ತೋರಿಸುತ್ತೇನೆ, ನನ್ನದೊಂದೇ ಹೆಸರಿದೆ ಎಂದೆ. “ಪಹಣಿ ಬರೆಯೋರೇ ನೀವಲ್ದಾ?” ಎಂದರು. ಇರುವ ಅಣ್ಣನನ್ನು ಕರೆತಂದು ನಿಲ್ಲಿಸಬಹುದು. ಇಲ್ಲದ ಅಣ್ಣ ಇಲ್ಲವೆಂದು ತೋರಿಸುವುದು ಹೇಗೆ? ಅಷ್ಟರಲ್ಲಿ ಹುಡುಗಿ ಕಾಫಿ ತಂದಳು. ತುಟಿಯ ತುದಿಯಲ್ಲಿ ನಗು ಅಡಗಿಸಿಟ್ಟುಕೊಂಡಿದ್ದ ಆ ಮುಖ ನೋಡಿದ ಮೇಲಂತೂ, ಒಂದು ರಟ್ಟಿನ ಚೂರಿಗಾಗಿ ಇವಳನ್ನು ಕಳೆದುಕೊಳ್ಳುತ್ತಿದ್ದೇನಲ್ಲ ಎಂದು ನಿಜವಾಗಿಯೂ ಅಳು ಬಂತು.

“ಕೊಡಿ ಅಪ್ಪಯ್ಯ, ನಾನೂ ಒಂಚೂರು ನೋಡ್ತೀನಿ” ಎಂದಳು ಸರೋಜ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಹೆಣ್ಣು ಮಾತಾಡಿದ್ದೇ ಹೆಚ್ಚು. ಅವಳು ಫೋಟೊವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ತಂದೆಗೆ ಬೆರಳಿಟ್ಟು ತೋರಿಸಿದಳು. “ಇಬ್ಬರ ಎಡಗೈ ಹೆಬ್ಬೆರಳಿಗೂ ಬಟ್ಟೆ ಸುತ್ತಿದೆ, ಕಾಣ್ತನ? ಅವಳಿಜವಳಿ ಆದ್ರೆ ಮುಖ ಒಂದೇ ಇರಬಹುದು ಅಪ್ಪಯ್ಯ. ಒಂದೇ ದಿನ ಒಂದೇ ಬೆರಳು ಕುಯ್ಕಳ್ತಾರಾ?”

ಫೋಟೊ ತೆಗೆಸಿದ ದಿನ ಪೆನ್ಸಿಲ್ ಕೆತ್ತುವಾಗ ಬ್ಲೇಡು ತಾಗಿದ್ದು ನನಗೇ ಮರೆತುಹೋಗಿತ್ತು. ಚೌಡಪ್ಪನವರು ನನ್ನ ಕೈ ಹಿಡಿದು, ಜಾತಕ ನೋಡಬೇಕಾದವರು ಹೆಬ್ಬೆರಳು ನೋಡಿದರು. ಗಾಯದ ಗೆರೆ ಇನ್ನೂ ಇತ್ತು. ಕೂತವನ ಬೆರಳು ನೋಡಿದರು, ನಿಂತವನದು ನೋಡಿದರು, ಮತ್ತೆ ನನ್ನದು ನೋಡಿದರು. ಆಮೇಲೆ ಮನೆ ಮಾಡು ಹಾರುವ ಹಾಗೆ ನಕ್ಕು, ಮೂರನೇ ತಟ್ಟೆಯನ್ನು ನನ್ನ ಕಡೆ ತಳ್ಳಿದರು. “ತಗಳಿ, ಅಣ್ಣನ ಪಾಲೂ ನಿಮಗೇ ಬಂತು!” ಸಂತೋಷಕ್ಕೆ ನಾನು ಎರಡು ತಟ್ಟೆ ಉಪ್ಪಿಟ್ಟನ್ನೂ ತಿಂದೆ. ಹೊಟ್ಟೆ ಎರಡು ದಿನ ನೋಯಿತು.

ಮದುವೆಯಾದ ಹೊಸದರಲ್ಲಿ ನಾನು ಎದೆಯುಬ್ಬಿಸಿ, “ಅಷ್ಟು ಕಷ್ಟಪಟ್ಟು ನನ್ನನ್ನೇ ಉಳಿಸಿಕೊಂಡೆಯಲ್ಲ, ಏನು ಕಂಡೆ ನನ್ನಲ್ಲಿ?” ಎಂದು ಕೇಳಿದೆ. “ಅಪ್ಪಯ್ಯಂಗೆ ಕೂತವರು ಹಿಡಿಸಿದ್ರು” ಎಂದಳು. “ನಾನು ಒಪ್ಪಿದ್ದು ನಿಂತವರನ್ನ.”

ಈಗಲೂ ನಾನು ಕುರ್ಚಿಯಲ್ಲಿ ಕೂತು, ಗ್ರಾಫಿಕ್ಸಿನಿಂದ ಸಿನಿಮಾ ಕಲೆ ಹೇಗೆ ಹಾಳಾಯಿತು ಎಂದು ಇದನ್ನು ಬರೆಯುತ್ತಿರುವಾಗ, ಅಡುಗೆಮನೆಯಿಂದ ಅವಳ ಕೂಗು ಬಂತು. ಅಟ್ಟದ ಮೇಲಿನ ಹಪ್ಪಳದ ಡಬ್ಬಿ ಇಳಿಸಿಕೊಡಬೇಕಂತೆ. “ಬಂದೆ, ಒಂದೇ ನಿಮಿಷ” ಎಂದೆ. ಮೂರನೇ ಸಲ “ಬಂದೆ” ಎಂದಾಗ ಅವಳೇ ಸ್ಟೂಲು ಎಳೆದುಕೊಂಡ ಸದ್ದಾಯಿತು.

“ನೀವು ಕೂತ್ಕಂಡೇ ಇರಿ” ಎಂದಳು. “ನಾನು ಒಪ್ಪಿದ್ದೋರು ಇನ್ನೂ ಆ ಸ್ಟುಡಿಯೋದಲ್ಲೇ ನಿಂತ್ಕಂಡಿರಬೇಕು, ಪಾಪ. ಸಾಹೇಬರು ನಿಮಗೆ ಅಲುಗಾಡಬಾರದು ಅಂದಿದ್ದನ್ನ ಅವರೂ ತಮಗೇ ಅಂತ ತಿಳ್ಕಂಡಿರಬೇಕು.”