ಸಹಜವಾಗಿ ನಗುವವರ ಫೋಟೊ

ಊರಿನವರ ಹಲ್ಲುಗಳೆಲ್ಲ ಫೋಟೋಗ್ರಾಫರನಿಗೆ ಪರಿಚಯ. ಸ್ವಂತ ಮನೆಯವರದ್ದು ಮಾತ್ರ ಕಂಡು ಎಷ್ಟೋ ಕಾಲವಾಗಿತ್ತು. ಮದುವೆಮನೆಯಲ್ಲಿ ಮುನಿಸಿಕೊಂಡು ಕೂತ ಸೋದರಮಾವನನ್ನೂ ‘ಸ್ವಲ್ಪ ಗಲ್ಲ ಎತ್ತಿ, ಹಾಂ, ಈಗ ನಗಿ’ ಎಂದು ನಗಿಸಿಬಿಡುವ ಮಹಾನುಭಾವ ಆತ. ಅದೇ ಮಾತನ್ನು ಮನೆಯಲ್ಲಿ ಹೇಳಿದರೆ ಹೆಂಡತಿ ಪಾಸ್‌ಪೋರ್ಟ್ ಫೋಟೊಗೆ ಕೂತ ಮುಖ ಮಾಡುತ್ತಿದ್ದಳು.

ಹೀಗೇ ಕಾಲ ಕಳೆಯುತ್ತಿತ್ತೋ ಏನೋ. ಆದರೆ ಎದುರು ಸಾಲಿನಲ್ಲಿ ಹೊಸ ಸ್ಟುಡಿಯೋ ತೆರೆದವನು ತನ್ನ ಸಂಸಾರದ ಫೋಟೊವನ್ನೇ ದೊಡ್ಡದು ಮಾಡಿಸಿ ಷೋಕೇಸಿನಲ್ಲಿ ತೂಗುಹಾಕಿದ. ಅವನ ಹೆಂಡತಿ ಮಕ್ಕಳು ಹಾಸಿಗೆಯ ಮೇಲೆ ಹೊರಳಾಡಿ ನಗುತ್ತಿದ್ದರು. ಕೆಳಗೆ ‘ಮನೆಗೇ ಬಂದು ಸಹಜ ಫೋಟೊ ತೆಗೆಯುತ್ತೇವೆ’ ಎಂದಿತ್ತು. ಗಿರಾಕಿಗಳೆಲ್ಲ ಅತ್ತ ವಾಲಿದರು. ನಮ್ಮವನ ಹೊಟ್ಟೆ ಉರಿದುಹೋಯಿತು. ಮಗಳಿಗೆ ರಜೆ ಬಂದದ್ದೇ ತಡ, ಸ್ಟುಡಿಯೋಗೆ ಬೀಗ ಜಡಿದು, ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡು ಮನೆಯಲ್ಲೇ ಠಿಕಾಣಿ ಹೂಡಿದ.

“ನಾನಿಲ್ಲಿ ಇಲ್ಲವೇ ಇಲ್ಲ ಅಂದ್ಕೊಳ್ಳಿ,” ಎಂದು ಘೋಷಿಸಿದ. “ನಿಮ್ಮ ಪಾಡಿಗೆ ನೀವಿರಿ. ನಾನು ಯಾವುದಕ್ಕೂ ಮಧ್ಯೆ ಬರಲ್ಲ, ಕೈ ಹಾಕಲ್ಲ. ಅದೇ ಸಹಜ ಫೋಟೊದ ನಿಯಮ.”

“ಇದರಲ್ಲಿ ಹೊಸದೇನಿದೆ?” ಎಂದಳು ಹೆಂಡತಿ. “ಮದುವೆಯಾದಾಗಿಂದ ಹಾಗೇ ಇದ್ದೀರಿ. ಕ್ಯಾಮೆರಾ ಒಂದು ಇರಲಿಲ್ಲ ಅಷ್ಟೇ.”

ನಿಯಮವೆಂದರೆ ನಿಯಮ. ಹಾಲು ಉಕ್ಕುವಾಗ ಆತ ಒಲೆಯ ಪಕ್ಕದಲ್ಲೇ ನಿಂತಿದ್ದ; ಒಲೆ ಆರಿಸದೆ, ಉಕ್ಕಿದ್ದನ್ನು ಬೇರೆಬೇರೆ ಕೋನಗಳಿಂದ ಸೆರೆಹಿಡಿದ. ಆತನ ಅಮ್ಮ ಮಾತ್ರೆಯ ಡಬ್ಬಿಗಾಗಿ ಕಪಾಟಿನ ಮೇಲೆ ತಡಕಾಡುತ್ತಿದ್ದರೆ, ಚಾಚಿದ ಆ ಕೈಯ ಮೇಲೆ ಬಿದ್ದ ಬೆಳಕಿಗೆ ಮರುಳಾದ (ಡಬ್ಬಿ ತೆಗೆದುಕೊಟ್ಟಿದ್ದರೆ ಕೈಯೂ ಇಳಿದುಬಿಡುತ್ತಿತ್ತಲ್ಲ). ಹೆಂಡತಿ ತುಂಬಿದ ಗ್ಯಾಸ್ ಸಿಲಿಂಡರನ್ನು ಬಾಗಿಲಿನಿಂದ ಅಡುಗೆಮನೆಗೆ ಉರುಳಿಸಿಕೊಂಡು ಬರುವಾಗ “ಸ್ವಲ್ಪ ನಿಧಾನಕ್ಕೆ ಬಾ” ಎಂದ. ಆಗ ಅವಳು ನೋಡಿದ ನೋಟ ಮಾತ್ರ ಫೋಟೊದಲ್ಲಿ ಬಲು ಚೆನ್ನಾಗಿ ಬಂತು.

ಆದರೆ ಬೇಕಾದದ್ದು ನಗು. ಅದೊಂದೇ ಸಿಗಲಿಲ್ಲ. ಆತ ಕೋಣೆಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಮಗಳು ಪುಸ್ತಕ ಎತ್ತಿಕೊಳ್ಳುತ್ತಿದ್ದಳು, ಅಮ್ಮನಿಗೆ ಕೆಮ್ಮು ಬರುತ್ತಿತ್ತು.

ಒಂದು ಮಧ್ಯಾಹ್ನ ಆತನಿಗೆ ರೋಸಿಹೋಯಿತು. “ನನಗೆ ಊಟ ಬೇಡ, ಸ್ಟುಡಿಯೋದಲ್ಲೇ ಇರ್ತೀನಿ,” ಎಂದು ಕ್ಯಾಮೆರಾ ಸಮೇತ ಹೊರಟುಹೋದ. ರಸ್ತೆಯ ತುದಿ ಮುಟ್ಟುವಷ್ಟರಲ್ಲಿ ಬೀಗದ ಕೈ ಮರೆತದ್ದು ನೆನಪಾಗಿ ಹಿಂತಿರುಗಿದ. ಅಡುಗೆಮನೆಯ ಕಿಟಕಿ ದಾಟುವಾಗ ಒಳಗಿಂದ ನಗು ಕೇಳಿಸಿತು. ಇಣುಕಿ ನೋಡಿದರೆ, ಮೂವರೂ ನೆಲದ ಮೇಲೆ ಕಾಲು ಚಾಚಿ ಕೂತು ಒಂದೇ ತಟ್ಟೆಯಲ್ಲಿ ತಿನ್ನುತ್ತಿದ್ದಾರೆ. ಹೆಂಡತಿ ಏನೋ ಹೇಳಿದಳು. ಅಮ್ಮ ಹೊಟ್ಟೆ ಹಿಡಿದುಕೊಂಡಳು. ಮಗಳು ನಕ್ಕು ನಕ್ಕು ಅಜ್ಜಿಯ ತೊಡೆಯ ಮೇಲೆ ಬಿದ್ದಳು. ಹೆಂಡತಿಯ ಕೆನ್ನೆಯಲ್ಲಿ ಗುಳಿ ಬಿತ್ತು. ಅವಳಿಗೆ ಗುಳಿ ಬೀಳುತ್ತದೆಂಬುದನ್ನೇ ಆತ ಮರೆತಿದ್ದ. ಉಸಿರು ಬಿಗಿಹಿಡಿದು ಫೋಟೊ ತೆಗೆದ. ಆ ಖುಷಿಯಲ್ಲಿ ಬೀಗದ ಕೈಯನ್ನೂ ಕೇಳದೆ ಮೆಲ್ಲಗೆ ಹಿಂದೆ ಸರಿದ.

ಸಂಜೆ ಅದನ್ನು ಟೀವಿಯಲ್ಲಿ ಹಾಕಿ ಎಲ್ಲರಿಗೂ ತೋರಿಸಿದ.

“ಫೋಟೊ ಅಂದ್ರೆ ಇದು. ಷೋಕೇಸಿಗೆ ಇದನ್ನೇ ಹಾಕ್ತೀನಿ. ಅಲ್ಲಾ, ಅಷ್ಟೊಂದು ನಗೋವಂಥದ್ದು ಏನಾಗಿತ್ತು?”

ಹೆಂಡತಿ ಒಣಗಿದ ಬಟ್ಟೆ ಮಡಚಲು ಎದ್ದಳು. ಮಗಳು ಅಜ್ಜಿಯ ಮುಖ ನೋಡಿದಳು.

“ಏನೂ ಆಗಿರಲಿಲ್ಲ ಕಣೋ,” ಎಂದಳು ಅಮ್ಮ ಕೊನೆಗೆ. “ನೀನು ಊಟಕ್ಕೆ ಇರಲ್ಲ ಅಂದೆಯಲ್ಲ.”

ಆತನಿಗೆ ಚುರುಕ್ಕೆಂದಿತು. ಆದರೂ ವ್ಯಾಪಾರ ವ್ಯಾಪಾರವೇ. ಫೋಟೊ ಷೋಕೇಸು ಸೇರಿತು. ಗಿರಾಕಿಗಳು ಮರಳಿ ಬಂದರು. ಒಂದು ದಿನ ಎದುರು ಸ್ಟುಡಿಯೋದವನೇ ರಸ್ತೆ ದಾಟಿ ಬಂದು, ಬಹಳ ಹೊತ್ತು ಗಾಜಿನ ಮುಂದೆ ನಿಂತ.

“ನಿಜ ಹೇಳಿ ಅಣ್ಣಾ, ಇವರನ್ನ ಹೇಗೆ ನಗಿಸಿದಿರಿ? ನಮ್ಮನೆಯವರಿಗೆ ಕಚಗುಳಿ ಇಡಬೇಕಾಯ್ತು.”

“ಅದೇನು ಕಷ್ಟ ಇಲ್ಲ,” ಎಂದ ಫೋಟೋಗ್ರಾಫರ್, ಗಾಜಿನ ಮೇಲಿನ ಧೂಳು ಒರೆಸುತ್ತ. “ನಾವು ಮನೇಲಿ ಇರಬಾರದು, ಅಷ್ಟೇ.”