ಸಾರು ಬಡಿಸುವವನ ಉಸಿರು

ಕಾಯಿಲೆ ಬೀಳುವುದು ಅಷ್ಟೇನೂ ಕಷ್ಟದ ಕೆಲಸವಲ್ಲ. ನಾವು ಮಲಗಿಕೊಂಡರೆ ಸಾಕು, ಉಳಿದದ್ದನ್ನು ವೈದ್ಯರು ಮತ್ತು ಮನೆಯವರು ನೋಡಿಕೊಳ್ಳುತ್ತಾರೆ. ಕಷ್ಟ ಶುರುವಾಗುವುದು ಗುಣವಾದ ಮೇಲೆ. ಆಸ್ಪತ್ರೆಯಲ್ಲಿದ್ದಾಗ ನಾನು ಎರಡು ಗುಟುಕು ಗಂಜಿ ಕುಡಿದರೂ ಫೋನಿನಲ್ಲಿ ಸಂತೋಷಪಟ್ಟ ಬಂಧುಗಳೇ, ಮನೆಗೆ ಬಂದ ಮೇಲೆ ಮಧ್ಯಾಹ್ನ ಸ್ವಲ್ಪ ಅಡ್ಡಾದರೆ, "ಇನ್ನೂ ಎಂತ ಮಲಗುವುದು? ಡಿಸ್ಚಾರ್ಜ್ ಆಯ್ತಲ್ಲ?" ಎಂದು ಕೇಳತೊಡಗಿದರು. ಅವರ ಲೆಕ್ಕದಲ್ಲಿ ರೋಗವೆಂಬುದು ಆಸ್ಪತ್ರೆಯ ಗೇಟಿನ ಒಳಗೇ ಇರುವಂಥದ್ದು. ಗೇಟು ದಾಟಿ ಹೊರಗೆ ಬಂದವನು ಸುಸ್ತು ಎಂದರೆ ಅದು ಸೋಮಾರಿತನ.

ಕೊರೊನಾದ ಕಾಲದಲ್ಲಿ ಮಣಿಪಾಲದ ಒಂದು ಆಸ್ಪತ್ರೆಯಲ್ಲಿ ಮೂಗಿಗೆ ಆಮ್ಲಜನಕದ ಕೊಳವೆ ಸಿಕ್ಕಿಸಿಕೊಂಡು ಮಲಗಿದ್ದು, ಅಂತೂ ಕಾರ್ಕಳದ ಪಕ್ಕದ ಕುಕ್ಕುಂದೂರಿನ ನಮ್ಮ ಮನೆಗೆ ವಾಪಸು ಬಂದವನು ನಾನು. ವೈರಸ್ಸು ಹೋಯಿತು. ಹೋಗುವಾಗ ಕೆಲವು ಸಾಮಾನು ನನ್ನಲ್ಲೇ ಬಿಟ್ಟು ಹೋಯಿತು. ಸ್ನಾನ ಮಾಡಿ ಮೈ ಒರೆಸಿಕೊಂಡರೆ ಗದ್ದೆ ಉತ್ತಷ್ಟು ಆಯಾಸ. ಫ್ರಿಜ್ಜಿನ ಬಾಗಿಲು ತೆರೆದು, ಯಾಕೆ ತೆರೆದೆನೆಂದು ನೆನಪಾಗದೆ, ಒಳಗಿನ ತಂಪು ಮುಗಿಯುವವರೆಗೆ ನಿಂತುಬಿಡುತ್ತಿದ್ದೆ. ಹೆಂಡತಿ ಸುಮತಿಯನ್ನು ಒಮ್ಮೆ ಅವಳ ಅಕ್ಕನ ಹೆಸರಿನಿಂದ ಕರೆದು, ವೈರಸ್ಸಿಗಿಂತ ದೊಡ್ಡ ಗಂಡಾಂತರವನ್ನೂ ದಾಟಿಬಂದೆ. ತಪಾಸಣೆಗೆ ಹೋದಾಗ ಡಾಕ್ಟರು, "ಶ್ವಾಸಕೋಶಕ್ಕೆ ಪೆಟ್ಟು ಬಿದ್ದಿದೆ. ಕೆಲವರಿಗೆ ತುಂಬಾ ಸಮಯ ಹೀಗೆ ಇರ್ತದೆ. ಅವಸರ ಮಾಡಬೇಡಿ" ಎಂದರು. ದುಬೈಯಿಂದ ಬಂದು ನೆಲೆಸಿದ ನೆರೆಮನೆಯ ಸದಾನಂದಣ್ಣ ಮಾತ್ರ ಒಪ್ಪಲಿಲ್ಲ. "ನಿಮಗೆ ಎಂತದೂ ಇಲ್ಲ ಮಾರಾಯ್ರೆ. ನೋಡುವಾಗ ಮೊದಲಿಗಿಂತ ಚಂದ ಕಾಣ್ತೀರಿ" ಎಂದು ಅಮೃತಬಳ್ಳಿಯ ಕಷಾಯದ ದೊಡ್ಡ ಪಾತ್ರೆಯನ್ನೇ ಕಳಿಸಿದರು. ಚಂದ ಕಾಣುವವನಿಗೆ ಇಷ್ಟು ಕಹಿ ಯಾಕೆಂದು ನನಗೆ ಅರ್ಥವಾಗಲಿಲ್ಲ.

ನನ್ನ ನಿಜವಾದ ಭಯ ಬೇರೆಯೇ ಇತ್ತು, ಅದನ್ನು ಹೇಳಿದರೆ ನೀವು ನಗುತ್ತೀರಿ. ನಮ್ಮ ಕುಟುಂಬದಲ್ಲಿ ಎಲ್ಲೇ ಪೂಜೆ, ಮದುವೆ, ಗೃಹಪ್ರವೇಶ ಇರಲಿ, ಅಡುಗೆಗೆ ಭಟ್ಟರು ಬಂದರೂ ಬಡಿಸುವವರು ಮಾತ್ರ ಮನೆಯ ಗಂಡಸರೇ. ಅದರಲ್ಲಿಯೂ ಮೇಲುಕೀಳುಂಟು. ಹೊಸಬರಿಗೆ, ಕೈ ನಡುಗುವವರಿಗೆ ಉಪ್ಪು, ಉಪ್ಪಿನಕಾಯಿ. ಸ್ವಲ್ಪ ಪಳಗಿದವರಿಗೆ ಪಲ್ಯ, ಕೋಸಂಬರಿ. ಸಾರು ಮಾತ್ರ ಎಲ್ಲರ ಕೈಗೆ ಕೊಡುವಂಥದ್ದಲ್ಲ. ಅನ್ನ ಬಡಿಸುವವನು ಮುಂದೆ ಓಡಿದ ಹಾಗೆ ಉಣ್ಣುವವರು ಅನ್ನದ ನಡುವೆ ಗುಳಿ ಮಾಡಿ ಕಾಯುತ್ತಾರೆ. ಸಾರಿನವನು ಭಾರದ ಬಾಲ್ದಿ ಹಿಡಿದು, ಪ್ರತಿ ಎಲೆಗೂ ಬಗ್ಗಿ, ಗುಳಿಯ ಬಾಯಿಗೇ ಸೌಟು ಬಗ್ಗಿಸಿ, ಎಲ್ಲಿಯೂ ನಿಲ್ಲದೆ ಹಂತಿಯ, ಅಂದರೆ ಊಟದ ಸಾಲಿನ, ಕೊನೆ ಮುಟ್ಟಬೇಕು. ಅವನು ನಿಂತರೆ ಊಟವೇ ನಿಂತಂತೆ. ಮೀಸೆ ಮೂಡಿದಾಗಿನಿಂದ ಆ ಬಾಲ್ದಿ ನನ್ನದು. ಆಫೀಸಿನಲ್ಲಿ ನನ್ನನ್ನು ಯಾರೂ ಅಷ್ಟಾಗಿ ಕೇಳುವವರಿರಲಿಲ್ಲ, ಆದರೆ ಪೆರ್ಡೂರಿನಿಂದ ಕಾಪುವಿನವರೆಗೆ ನೆಂಟರಿಷ್ಟರ ನಡುವೆ "ಸಾರಿಗೆ ಯಾರು?" ಎಂದರೆ ನನ್ನ ಹೆಸರು ಬರುತ್ತಿತ್ತು. ಅದು ಹೋದರೆ ನಾನು ಬರೇ ಒಬ್ಬ ಅಂಕಲ್. ಈ ಎದೆ ಮೊದಲಿನಂತೆ ಆಗುವುದೇ ಇಲ್ಲವೇನೋ ಎಂಬ ಹೆದರಿಕೆ, ಯಾರಲ್ಲಿಯೂ ಹೇಳಿಕೊಳ್ಳಲಾಗದೆ, ಒಳಗೊಳಗೇ ತಿನ್ನುತ್ತಿತ್ತು.

ಹಾಗಾಗಿ ಏದುಸಿರನ್ನು ಮುಚ್ಚಿಡುವುದಕ್ಕೆ ಕೆಲವು ಉಪಾಯಗಳನ್ನು ಕಂಡುಕೊಂಡೆ. ಮನೆಯ ಮುಂದಿನ ಏರು ಹತ್ತುವಾಗ ಅರ್ಧದಲ್ಲಿ ನಿಂತು ಕಂಡವರ ದಾಸವಾಳ ನೋಡುವುದು. ಮೆಟ್ಟಿಲಿನಲ್ಲಿ ನಿಂತು, ಬಾರದ ಫೋನಿಗೆ "ಹಲೋ, ಕೇಳುವುದಿಲ್ಲ" ಎನ್ನುವುದು. ದಾಸವಾಳದ ಮೇಲೆ ನನಗಿರುವ ಪ್ರೀತಿಯನ್ನು ಕಂಡು ಆ ಮನೆಯವರು ಒಂದು ಗೆಲ್ಲನ್ನೇ ಕಡಿದು ಕೊಟ್ಟರು. ಈಗ ಅದು ನಮ್ಮ ಅಂಗಳದಲ್ಲಿ ಸೊಂಪಾಗಿ ಹೂ ಬಿಡುತ್ತಿದೆ.

ಅಷ್ಟರಲ್ಲಿ ಕಾಪುವಿನಲ್ಲಿ ಸುಮತಿಯ ತಮ್ಮನ ಹೊಸ ಮನೆಯ ಒಕ್ಕಲು, ಅಂದರೆ ಗೃಹಪ್ರವೇಶ, ಬಂತು. ನಿರ್ಬಂಧಗಳೆಲ್ಲ ಹೋಗಿ ಕುಟುಂಬದವರೆಲ್ಲ ಒಟ್ಟಾಗುವ ಮೊದಲ ಊಟ. ಹಿಂದಿನ ದಿನ ಸುಮತಿ ಸೀರೆ ಮಡಚುತ್ತಾ, "ನಾಳೆ ನೀವು ಉಪ್ಪು ಬಡಿಸಿ, ಆಯ್ತಾ? ಬಾಲ್ದಿಯ ಉಸಾಬರಿ ಬೇಡ" ಎಂದಳು. ನಾವು ಮನೆಯಲ್ಲಿ ಮಾತಾಡುವುದು ತುಳು. ಆಗ ನಾನು ಕೊಟ್ಟ ಉತ್ತರ ಕನ್ನಡಕ್ಕೆ ಬರುವಾಗ ಬಹಳ ಮೆತ್ತಗಾಗುತ್ತದೆ, ಬಿಡಿ. ಉಪ್ಪು ಬಡಿಸುವುದಕ್ಕಿಂತ ಉಪವಾಸ ಇರುತ್ತೇನೆ ಎಂಬುದು ಅದರ ಸಾರಾಂಶ.

ಚಪ್ಪರದ ಕೆಳಗೆ ನೆಲದ ಮೇಲೆ ಉದ್ದಕ್ಕೆ ಹಂತಿ ಹಾಕಿದ್ದರು. ನಾನು ಹೆಗಲ ಮೇಲಿನ ಬೈರಾಸನ್ನು ಸೊಂಟಕ್ಕೆ ಬಿಗಿದು ಬಾಲ್ದಿ ಎತ್ತಿದೆ. ಮೊದಲ ಕೆಲವು ಎಲೆಗಳಿಗೆ ಹಳೆಯ ಗತ್ತಿನಲ್ಲೇ ಬಡಿಸಿದೆ. "ಓ, ಸಾರಿನವರು ಬಂದ್ರು" ಎಂದು ಯಾರೋ ಹೇಳಿದ್ದು ಕೇಳಿ ಉಬ್ಬಿದೆ. ಆ ಉಬ್ಬುವಿಕೆಗೂ ಗಾಳಿ ಬೇಕಲ್ಲ, ಅದು ಮುಗಿಯುತ್ತಾ ಬಂತು. ಪ್ರತಿ ಎಲೆಗೆ ಬಗ್ಗಿ ಏಳುವಾಗಲೂ ಎದೆ ಹಿಡಿದುಕೊಳ್ಳತೊಡಗಿತು. ಚಪ್ಪರದಲ್ಲಿ ನೋಡಿ ನಿಲ್ಲುವುದಕ್ಕೆ ದಾಸವಾಳವೂ ಇಲ್ಲ, ಒಂದು ಕೈಯಲ್ಲಿ ಬಾಲ್ದಿ, ಇನ್ನೊಂದರಲ್ಲಿ ಸೌಟು ಇರುವವನಿಗೆ ಫೋನು ಬರುವಂತೆಯೂ ಇಲ್ಲ. ಹಂತಿಯ ನಡುವೆ ಕಣ್ಣು ಕತ್ತಲೆ ಬಂದಾಗ ಎದುರಿಗೆ ಒಂದು ಎಲೆ ಖಾಲಿ ಕಂಡಿತು. ಉಪ್ಪು, ಪಲ್ಯ, ಅನ್ನ ಎಲ್ಲ ಬಡಿಸಿಯಾಗಿತ್ತು, ಜನ ಮಾತ್ರ ಇರಲಿಲ್ಲ. ಬಾಲ್ದಿಯನ್ನು ಕೆಳಗಿಟ್ಟು, ನಾನು ಅಲ್ಲಿ ಕುಳಿತುಬಿಟ್ಟೆ.

ನಮ್ಮಲ್ಲಿ ಎಲೆಯ ಮುಂದೆ ಕುಳಿತವನು ಹಂತಿ ಏಳುವವರೆಗೆ ಏಳುವಂತಿಲ್ಲ. ಬಲಗಡೆಯವರು ಸಾರು ಕಲಸಿ ಉಣ್ಣುತ್ತಿದ್ದರು. ಎಡಗಡೆಯಿಂದ ಕೊನೆಯವರೆಗೆ ಎಲ್ಲರೂ ಅನ್ನಕ್ಕೆ ಗುಳಿ ಮಾಡಿ ನನ್ನನ್ನೇ ನೋಡುತ್ತಿದ್ದರು. ಸುಮತಿಯ ಅಣ್ಣನ ಮಗ ಪ್ರಶಾಂತ, ಪಲ್ಯದ ಪಾತ್ರೆ ಹಿಡಿದವನು, ಓಡಿ ಬಂದ.

"ಮಾವ, ಕೂತದ್ದಾ?"

"ಹೌದು ಮಾರಾಯ, ಹಸಿವಾಯ್ತು" ಎಂದೆ.

ಅವನು ಹೆಚ್ಚು ಕೇಳದೆ ನನ್ನ ಅನ್ನಕ್ಕೆ ಒಂದು ಸೌಟು ಸಾರು ಬಡಿಸಿ, ಬಾಲ್ದಿ ಹಿಡಿದು ಮುಂದೆ ಹೋದ. ಅವನ ಓಟ ನನ್ನದಕ್ಕಿಂತ ಚೆನ್ನಾಗಿತ್ತು. ನನಗೆ ಅಳು ಬಂತು. ಪಕ್ಕದವರು ನೋಡಿದಾಗ, "ಸಾರಿಗೆ ಮೆಣಸು ಸ್ವಲ್ಪ ಜಾಸ್ತಿ" ಎಂದು ಬೈರಾಸಿನಲ್ಲಿ ಮುಖ ಒರೆಸಿಕೊಂಡೆ. ಆದರೆ ನಿಜ ಹೇಳಬೇಕು, ಅಷ್ಟು ವರ್ಷ ಬಡಿಸಿದ ಆ ಸಾರನ್ನು ಬಿಸಿಯಾಗಿ ಉಂಡದ್ದು ನಾನು ಅಂದೇ. ಬಡಿಸುವವರದ್ದು ಯಾವಾಗಲೂ ಕೊನೆಯ ಹಂತಿ. ಅಷ್ಟು ಹೊತ್ತಿಗೆ ಸಾರು ತಣ್ಣಗೆ, ಹಪ್ಪಳ ಮೆತ್ತಗೆ, ಪಾಯಸ ಬರೇ ನೆನಪು. ಅಂದು ಮಟ್ಟುಗುಳ್ಳ ಬದನೆಯ ಸಾಂಬಾರಿನ ಹೋಳು ನನ್ನ ಎಲೆಗೂ ಬಿತ್ತು. ಪಾಯಸ ಎರಡು ಸಲ ಬಂತು. "ಭಾವ, ಇನ್ನೂ ಸ್ವಲ್ಪ ಹಾಕಲಾ?" ಎಂದು ಮನೆಯ ಯಜಮಾನನೇ ಬಗ್ಗಿ ಕೇಳಿದ. ದುಃಖದ ನಡುವೆಯೂ ಬೇಡ ಎನ್ನಲಾಗಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ, ನನ್ನ ಮಾನ ಉಳಿದ ಸಮಾಧಾನದಲ್ಲಿ, "ಒಂದು ಎಲೆ ಖಾಲಿ ಇದ್ದದ್ದು ನೋಡು, ಯಾರೋ ಪುಣ್ಯಾತ್ಮ ಊಟಕ್ಕೆ ಬರಲಿಲ್ಲ" ಎಂದೆ. ಸುಮತಿ ನನ್ನ ಕಡೆಗೆ ತಿರುಗಿದಳು.

"ಯಾರೂ ಬರದೆ ಇದ್ದದ್ದಲ್ಲ. ಜನ ಕೂತುಕೊಳ್ಳುವಾಗ ನಡುವಿನ ಒಂದು ಎಲೆ ಖಾಲಿ ಬಿಡಿಸು ಅಂತ ಪ್ರಶಾಂತನಿಗೆ ನಾನೇ ಹೇಳಿದ್ದು."

"ಯಾಕೆ?"

"ಉಪ್ಪು ಹಿಡೀರಿ ಅಂದ್ರೆ ನೀವು ಕೇಳ್ತೀರಾ? ಸುಸ್ತಾದ್ರೆ ಕೂತುಕೊಳ್ಳುವುದಕ್ಕೆ ಒಂದು ಜಾಗ ಬೇಕಲ್ವಾ. ಮೆಟ್ಟಿಲಿನಲ್ಲಿ ನೀವು ಫೋನು ಹಿಡ್ಕೊಂಡು ನಿಲ್ಲುವಾಗ ಎಷ್ಟು ಸಲ ಅದು ಉಲ್ಟಾ ಇರ್ತದೆ, ಗೊತ್ತುಂಟಾ ನಿಮಗೆ?"

ನನಗೆ ಗೊತ್ತಿರಲಿಲ್ಲ. ಅವಳ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು, ಹಿಡಿದುಕೊಂಡೆ. "ಗೇರ್ ಹಾಕಿ" ಎಂದಳು.

ಆಮೇಲೆ ಬಹಳ ಸಮಯ ನಾನು ಮುಚ್ಚುಮರೆ ಇಲ್ಲದೆ ಮೊದಲ ಹಂತಿಯಲ್ಲೇ ಕುಳಿತೆ. ಸುಸ್ತಾದರೆ ಸುಸ್ತು ಎಂದೆ. ಲೋಕವೇನೂ ಮುಳುಗಲಿಲ್ಲ. ನಿಧಾನಕ್ಕೆ ಉಸಿರೂ ಬಹುಮಟ್ಟಿಗೆ ತಿರುಗಿ ಬಂತು, ಹೆಸರುಗಳೂ ಬಂದವು. ಬಿಸಿ ಸಾರಿನ ರುಚಿ ಮಾತ್ರ ಬಿಟ್ಟುಹೋಗಲಿಲ್ಲ. ಮೊನ್ನೆ ಪೆರ್ಡೂರಿನ ಒಂದು ಪೂಜೆಯಲ್ಲಿ ಪ್ರಶಾಂತ ಬಾಲ್ದಿ ತಂದು ನನ್ನೆದುರಿಗಿಟ್ಟು, "ಮಾವ, ಈಗ ಹುಷಾರಲ್ವಾ? ಹಿಡೀರಿ" ಎಂದ. ನನ್ನ ಕೈ ತನ್ನಷ್ಟಕ್ಕೆ ಎದೆಯ ಮೇಲೆ ಹೋಯಿತು. "ಇಲ್ಲ ಮಾರಾಯ, ವೈರಸ್ಸಿನ ಪೆಟ್ಟು, ಅಷ್ಟು ಸುಲಭಕ್ಕೆ ಹೋಗುವುದಲ್ಲ" ಎಂದು ಸಣ್ಣಗೆ ಕೆಮ್ಮಿದೆ.

"ಪ್ರಶಾಂತ, ಬಾಲ್ದಿ ಅಲ್ಲೇ ಇರಲಿ" ಎಂದಳು ಹಿಂದಿನಿಂದ ಸುಮತಿ. "ಬೆಳಿಗ್ಗೆ ತೆಂಗಿನಕಾಯಿಯ ಗೋಣಿ ಹೊತ್ತುಕೊಂಡು ಮಾಳಿಗೆಗೆ ಹಾಡುತ್ತಾ ಹತ್ತಿದ್ದಾರೆ ಇವರು."

ಬಾಲ್ದಿ ಹಿಡಿದೆ. ಎಲ್ಲಿಯೂ ನಿಲ್ಲದೆ ಹಂತಿಯ ಕೊನೆ ಮುಟ್ಟಿದೆ. ಆಮೇಲೆ ಬಡಿಸಿದವರ ಜೊತೆ ಊಟಕ್ಕೆ ಕುಳಿತಾಗ ಸಾರು ತಣ್ಣಗಿತ್ತು, ಹಪ್ಪಳ ಮೆತ್ತಗಿತ್ತು, ಪಾಯಸ ಮುಗಿದಿತ್ತು. ನಾನು ಪೂರ್ತಿ ಗುಣವಾಗಿದ್ದೆ.