ಕುಶಾಲಣ್ಣನ ಹೈಸ್ಕೂಲು ಪರೀಕ್ಷೆ

ಕೆಲವರಿಗೆ ಹಾವೆಂದರೆ ಭಯ, ಕೆಲವರಿಗೆ ಗುಡುಗೆಂದರೆ ಭಯ. ಇಂಥ ಭಯಗಳನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದು. ಕೇಳಿದವರು ತಮ್ಮದೂ ಒಂದನ್ನು ಸೇರಿಸಿ ಸಮಾಧಾನ ಮಾಡುತ್ತಾರೆ. ನನ್ನದು ಹಾಗೆ ಹೇಳಿಕೊಳ್ಳುವಂಥದ್ದಲ್ಲ. ನಾನು ಕುಳಿತ ಗಾಡಿ ಚಲಿಸತೊಡಗಿತೆಂದರೆ ನನ್ನ ಕಣ್ಣುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಎತ್ತಿನ ಗಾಡಿಯಾದರೆ ಅರ್ಧ, ಮೋಟಾರಾದರೆ ಪೂರ್ತಿ. ಮಡಿಕೇರಿಯಲ್ಲಿ ಹೈಸ್ಕೂಲು ಓದುತ್ತಿದ್ದಷ್ಟು ಕಾಲವೂ ರಜೆ ಬಂದಾಗಲೆಲ್ಲ ಸೋಮವಾರಪೇಟೆ ಕಡೆಯ ನಮ್ಮೂರಿಗೆ ಬಸ್ಸಿನಲ್ಲಿ ಹೋಗಿ ಬಂದಿದ್ದೇನೆ. ಆದರೆ ಆ ದಾರಿಯಲ್ಲಿ ಏನೇನಿದೆ ಎಂದು ಯಾರಾದರೂ ಕೇಳಿದರೆ, ಎಲ್ಲೆಲ್ಲಿ ಹೊಟ್ಟೆ ಗಂಟಲಿಗೆ ಬರುತ್ತದೆ ಎಂಬುದನ್ನು ಮಾತ್ರ ಹೇಳಬಲ್ಲೆ. ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಕುಳಿತು ಹೋಗುವವನು ಕಣ್ಣು ಬಿಟ್ಟಿರಲೇಬೇಕೆಂಬ ಕಾನೂನು ಸರ್ಕಾರದಲ್ಲೂ ಇಲ್ಲ. ಲಾರಿ ಓಡಿಸುವವನು ಹೈಸ್ಕೂಲು ಓದಿರಬೇಕೇ ಬೇಡವೇ ಎಂಬ ಪ್ರಶ್ನೆ ನಮ್ಮ ಎಸ್ಟೇಟಿನ ದೊರೆಯ ತಲೆಯಲ್ಲಿ ಹುಟ್ಟುವವರೆಗೂ ನಾನು ಸುಖವಾಗಿಯೇ ಇದ್ದೆ.

ನಾನು ಸಿದ್ದಾಪುರದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಬರೆಯುವುದು, ಕಾಫಿ ಕೊಯ್ಯುವ ಪಿಕ್ಕಿಂಗ್ ಸಮಯದಲ್ಲಿ ಹಣ್ಣು ಅಳೆಸುವುದು, ದೊರೆಯ ಇಂಗ್ಲಿಷನ್ನು ಲೈನುಮನೆಗಳಲ್ಲಿರುವ ಆಳುಗಳಿಗೆ ಕನ್ನಡದಲ್ಲೂ ಲೈನಿನ ಜನದ ಕನ್ನಡವನ್ನು ದೊರೆಗೆ ಇಂಗ್ಲಿಷಿನಲ್ಲೂ ತಿಳಿಸುವುದು ನನ್ನ ಕೆಲಸ. ದೊರೆ ಇಂಗ್ಲೆಂಡಿನಿಂದ ಬಂದು ಇನ್ನೂ ವರ್ಷವಾಗಿಲ್ಲ. ಅವರಿಗೆ ಬರುವ ಕನ್ನಡ ಎರಡೇ ಮಾತು: ಒಂದು ‘ಬೇಗ’, ಇನ್ನೊಂದು ‘ನಾಳೆ’. ಎಸ್ಟೇಟಿಗೆ ಇರುವುದು ಒಂದು ಲಾರಿ, ಅದಕ್ಕೆ ಒಬ್ಬರೇ ಡ್ರೈವರ್, ಕುಶಾಲಪ್ಪ. ನನಗಿಂತ ಹಿರಿಯರಾದ್ದರಿಂದ ನಾನು ಕುಶಾಲಣ್ಣ ಎನ್ನುತ್ತೇನೆ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಲಾರಿ ಕೆಮ್ಮಿದರೆ ಸಾಕು, ಅದರ ಯಾವ ಭಾಗಕ್ಕೆ ಶೀತವಾಗಿದೆ ಎಂದು ಹೇಳುತ್ತಾರೆ. ಮಾಕುಟ್ಟದ ಘಾಟಿಯಲ್ಲಿ ಕಾಫಿ ಮೂಟೆ ಹೇರಿಕೊಂಡು ಇಳಿಯುವಾಗ ವಾಸನೆಯಿಂದಲೇ ಬ್ರೇಕು ಕಾದದ್ದು ತಿಳಿದು ಗಾಡಿ ನಿಲ್ಲಿಸಿ, ಎಲೆ ಅಡಿಕೆ ಹಾಕಿಕೊಂಡು, ಅದು ಆರಿದ ಮೇಲೆ ಮುಂದೆ ಹೋಗುತ್ತಾರೆ.

ಈಗ ತಪ್ಪೊಪ್ಪಿಗೆ. ವಿರಾಜಪೇಟೆಯಲ್ಲಿ ನನ್ನ ಷಡ್ಡಕನ ಮನೆಯ ಗೃಹಪ್ರವೇಶವಿತ್ತು. ಪಿಕ್ಕಿಂಗ್ ಭರಾಟೆಯಲ್ಲಿ ರಜೆ ಸಿಗುವಂತಿರಲಿಲ್ಲವಾದ್ದರಿಂದ ಜ್ವರವೆಂದು ದೊರೆಗೆ ಚೀಟಿ ಬರೆದು, ಕಾಫಿ ಹೇರಿಕೊಂಡು ಹೊರಟಿದ್ದ ಕುಶಾಲಣ್ಣನ ಲಾರಿಯನ್ನು ಎಸ್ಟೇಟಿನ ಗೇಟು ದಾಟಿದ ಮೇಲೆ ಹತ್ತಿಕೊಂಡೆ. ಹತ್ತಿದ ಕೂಡಲೇ ಕಣ್ಣು ಮುಚ್ಚಿತು. ಅರ್ಧ ದಾರಿಯಲ್ಲಿ ಒಂದು ಮರದ ಸೇತುವೆ ಇದೆ. ಅದರ ಹತ್ತಿರ ಲಾರಿ ನಿಧಾನವಾಯಿತು. “ರೈಟ್ರೇ, ಇಲ್ಲಿ ಎಂತದೋ ಹೊಸ ಬೋರ್ಡ್ ಉಂಟು. ಎಂತ ಬರ್ದಿದ್ದಾರೆ ನೋಡಿ,” ಎಂದರು ಕುಶಾಲಣ್ಣ. ಸೇತುವೆ ಎಂದು ತಿಳಿದ ಮೇಲೆ ಕಣ್ಣು ಬಿಡುವುದುಂಟೇ? “ಏನಿಲ್ಲ, ಯಾವಾಗಲೂ ಇರುವುದೇ. ಹೋಗಿ, ಹೋಗಿ,” ಎಂದೆ. ಹೋದೆವು. ಹಲಗೆಗಳು ನರಳಿದವು, ಎಲ್ಲೋ ಏನೋ ಲಟಕ್ಕೆಂದಿತು, ನಾನು ಮನೆದೇವರಿಗೆ ಒಂದಿಷ್ಟು ಹರಕೆ ಹೊತ್ತೆ, ಲಾರಿ ಆಚೆ ದಡ ಸೇರಿತು. ಬೋರ್ಡಿನ ಮೇಲೆ ‘ಸೇತುವೆ ದುರಸ್ತಿಯಲ್ಲಿದೆ, ಭಾರದ ಗಾಡಿಗಳು ಹೋಗಕೂಡದು’ ಎಂದು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬರೆದಿತ್ತೆಂದು ನನಗೆ ಗೊತ್ತಾದದ್ದು ಮೂರನೆಯ ದಿನ, ರಸ್ತೆಯ ಓವರ್ಸಿಯರ್ ದೊರೆಗೆ ಬರೆದ ದೂರಿನ ಕಾಗದವನ್ನು ಒಡೆದು ಓದಿದಾಗ. ಎಸ್ಟೇಟಿನ ಕಾಗದಗಳನ್ನು ಒಡೆಯುವವನೂ ನಾನೇ.

ದೊರೆ ಕುಶಾಲಣ್ಣನನ್ನು ಆಫೀಸಿಗೆ ಕರೆಸಿದರು. ಬೋರ್ಡು ಏಕೆ ಓದಲಿಲ್ಲ ಎಂದು ಕೇಳು ಎಂದು ನನಗೆ ಹೇಳಿದರು. ನಾನು ಕೇಳಿದೆ. ಕುಶಾಲಣ್ಣ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, “ನನಗೆ ಓದ್ಲಿಕ್ಕೆ ಬರೋದಿಲ್ಲ ಅಂತ ಹೇಳಿ,” ಎಂದರು. ಅಷ್ಟೇ. ನನ್ನ ಹೆಸರು ಎತ್ತಲಿಲ್ಲ. ಹೊರಗೆ ಹೋಗುವಾಗ ಬಾಗಿಲಲ್ಲಿ ನಿಂತು, “ಜ್ವರ ಹೇಗುಂಟು ರೈಟ್ರೇ?” ಎಂದು ವಿಚಾರಿಸಿದರು. ಅವರು ನಾಲ್ಕು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ದೊರೆ ಕೂಡಲೇ ತೀರ್ಪು ಕೊಟ್ಟರು: ಇನ್ನು ಮುಂದೆ ಈ ಎಸ್ಟೇಟಿನ ಲಾರಿ ಓಡಿಸುವವನು ಹೈಸ್ಕೂಲು ಮಟ್ಟದ ಓದು ಓದಿದವನಾಗಿರಬೇಕು. ಕುಶಾಲಪ್ಪನಿಗೆ ಹದಿನೈದು ದಿನ ಕಾಲಾವಕಾಶ. ಆಮೇಲೆ ತಾವೇ ಬಾಯಿಪರೀಕ್ಷೆ ಮಾಡುತ್ತಾರೆ. ಫೇಲಾದರೆ ಲಾರಿ ಬಿಟ್ಟು, ಮರ ಹತ್ತಿ ಕೊಂಬೆ ಕಡಿಯುವ ಕಪಾತಿ ಕೆಲಸಕ್ಕೆ ಹೋಗಬೇಕು. ಹಾಗಾದರೆ ಲಾರಿ ಯಾರು ಓಡಿಸುವುದು ಎಂದು ನಾನು ಕೇಳಬಾರದಿತ್ತು, ಕೇಳಿದೆ. ದೊರೆ ನನ್ನ ಭುಜ ತಟ್ಟಿ, “ಇಡೀ ಎಸ್ಟೇಟಿನಲ್ಲಿ ಹೈಸ್ಕೂಲು ಪಾಸಾದವನು ನೀನೊಬ್ಬನೇ ಅಲ್ಲವೇ?” ಎಂದರು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅಯ್ಯೋ ಪಾಪ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖ ಅರಳಿತು. “ಒಳ್ಳೇದೇ ಆಯ್ತಲ್ಲ ಬಿಡಿ! ಎಷ್ಟು ದಿನ ಅಂತ ಆ ಹಾಜರಿ ಪುಸ್ತಕ ಹಿಡ್ಕೊಂಡು ಓಡಾಡ್ತೀರ? ಡ್ರೈವರ್ ಅಂದ್ರೆ ಖಾಕಿ ಹಾಕ್ಕೊಂಡು ಹಾರ್ನ್ ಹೊಡ್ಕೊಂಡು ಬರೋದು. ನಮ್ಮೂರಿಗೆ ಒಂದು ಸಲ ಲಾರಿ ತಗೊಂಡೇ ಹೋಗಣ,” ಎಂದಳು. ಇವಳಿಗೂ ನನ್ನ ಕಣ್ಣಿನ ವಿಷಯ ಹೇಳಿಲ್ಲ. ಮದುವೆಯಾಗಿ ಬಸ್ಸಿನಲ್ಲಿ ಬರುವಾಗ ನಾನು ಕಣ್ಣು ಮುಚ್ಚಿ ಕುಳಿತದ್ದನ್ನು ದೇವರ ಧ್ಯಾನವೆಂದುಕೊಂಡು, ಎಂಥ ಸಾತ್ವಿಕ ಗಂಡ ಸಿಕ್ಕಿದ ಎಂದು ತವರಿಗೆ ಕಾಗದ ಬರೆಸಿದವಳು. ಆ ಹದಿನೈದು ದಿನ ನನಗೆ ಅನ್ನ ರುಚಿಸಲಿಲ್ಲ. ಘಾಟಿ, ತಿರುವು, ಪ್ರಪಾತ, ಅವುಗಳ ನಡುವೆ ಕಣ್ಣು ಮುಚ್ಚಿ ಚಕ್ರ ಹಿಡಿದ ನಾನು. ಅದರ ಜೊತೆಗೆ, ನನ್ನ ದೆಸೆಯಿಂದ ಕೆಲಸ ಕಳೆದುಕೊಂಡು ಕತ್ತಿ ಹಿಡಿದು ಮರ ಹತ್ತುವ ಕುಶಾಲಣ್ಣ. ಈ ಎರಡರಲ್ಲಿ ಯಾವುದು ನನ್ನನ್ನು ಹೆಚ್ಚು ಹೆದರಿಸಿತೆಂದು ದಯವಿಟ್ಟು ಕೇಳಬೇಡಿ.

ಸಂಜೆ ಸಂಜೆ ಅವರಿಗೆ ಪಾಠ ಹೇಳಲು ಕುಳಿತೆ. ಹದಿನೈದು ದಿನದಲ್ಲಿ ಹೈಸ್ಕೂಲು ಕಲಿಸುವುದೆಂದರೆ ಎಲ್ಲಿಂದ ಶುರು ಮಾಡುವುದು? ಚಕ್ರವರ್ತಿಗಳಿಂದ ಶುರು ಮಾಡಿದೆ. ಕುಶಾಲಣ್ಣ ತಾಳ್ಮೆಯಿಂದ ಕೇಳಿ, “ಇವರೆಲ್ಲ ಈಗ ಇದ್ದಾರಾ?” ಎಂದರು. ಇಲ್ಲವೆಂದೆ. “ಹಾಗಾದ್ರೆ ದಾರಿಗೆ ಅಡ್ಡ ಬರೋದಿಲ್ಲ, ಬಿಡಿ,” ಎಂದು ಎದ್ದು ಲಾರಿ ತೊಳೆಯಲು ಹೋದರು.

ಪರೀಕ್ಷೆಯ ದಿನ ದೊರೆ ಬಂಗಲೆಯ ವರಾಂಡದಲ್ಲಿ ಕುಳಿತರು, ಕುಶಾಲಣ್ಣ ಎದುರಿಗೆ ನಿಂತರು, ನಡುವೆ ನಾನು. ದೊರೆಗೆ ಕನ್ನಡ ಬಾರದು, ಕುಶಾಲಣ್ಣನಿಗೆ ಇಂಗ್ಲಿಷ್ ಬಾರದು. ಇದು ಎಂಥ ಅನುಕೂಲವೆಂಬುದು ಮೊದಲ ಪ್ರಶ್ನೆ ಬರುವವರೆಗೆ ನನಗೆ ಹೊಳೆದಿರಲಿಲ್ಲ. ಬ್ರಿಟನ್ನಿನ ಅತಿ ಉದ್ದದ ನದಿ ಯಾವುದು? ಕುಶಾಲಣ್ಣ ಹೇಳಿದರು: “ಅದು ನನಗೆ ಗೊತ್ತಿಲ್ಲ. ಕಾವೇರಿ ಎಲ್ಲಿವರೆಗೆ ಏರಿದ್ರೆ ಲಾರಿ ಇಳಿಸ್ಬಾರ್ದು ಅಂತ ಕೇಳ್ಲಿಕ್ಕೆ ಹೇಳಿ.” ನಾನು ದೊರೆಯ ಕಡೆ ತಿರುಗಿ, “ಥೇಮ್ಸ್ ಅನ್ನುತ್ತಾರೆ,” ಎಂದೆ. “ತಪ್ಪು. ಸೆವೆರ್ನ್. ಆದರೂ ನದಿಯ ಹೆಸರು ಹೇಳಿದ್ದಾನೆ, ಅರ್ಧ ಅಂಕ,” ಎಂದರು ದೊರೆ. ಆ ದಿನದ ಪರೀಕ್ಷೆಯಲ್ಲಿ ತಪ್ಪಾದ ಉತ್ತರ ಅದೊಂದೇ, ಅದು ಹೈಸ್ಕೂಲು ಪಾಸಾದವನದು. ಎರಡನೆಯದು ಲೆಕ್ಕ: ಗಂಟೆಗೆ ಹನ್ನೆರಡು ಮೈಲಿ ಓಡುವ ಲಾರಿಗೆ ಎಪ್ಪತ್ತೆರಡು ಮೈಲಿ ಹೋಗಲು ಎಷ್ಟು ಹೊತ್ತು ಬೇಕು? “ಏರಲ್ಲೂ ಹನ್ನೆರಡು, ಇಳಿಜಾರಲ್ಲೂ ಹನ್ನೆರಡಾ? ಮಾಕುಟ್ಟದಲ್ಲಿ ಆನೆ ನಿಂತಿದ್ರೆ ಅದಕ್ಕೆ ಎಷ್ಟು ಹೊತ್ತು ಹಿಡೀಬೇಕು? ಈ ಲೆಕ್ಕ ಮಾಡಿದವ ಲಾರಿ ಹತ್ತಿದವ ಅಲ್ಲ ರೈಟ್ರೇ.” ನಾನು ತರ್ಜುಮೆ ಮಾಡಿದೆ: “ಆರು ಗಂಟೆ.” ಇಷ್ಟು ಉದ್ದದ ಮಾತಿಗೆ ಇಷ್ಟು ಚಿಕ್ಕ ಇಂಗ್ಲಿಷೇ ಎಂದು ದೊರೆ ಹುಬ್ಬೇರಿಸಿದರು. ಲೆಕ್ಕದ ಕ್ರಮವನ್ನೂ ವಿವರಿಸಿದರು ಎಂದು ಸೇರಿಸಿದೆ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಕೊನೆಯ ಪ್ರಶ್ನೆಯನ್ನು ದೊರೆ ಮುಂದೆ ಬಾಗಿ, ನಿಧಾನವಾಗಿ ಕೇಳಿದರು. ದಾರಿಯಲ್ಲಿ ಓದಲು ಬಾರದ ಬೋರ್ಡು ಎದುರಾದರೆ ಡ್ರೈವರ್ ಏನು ಮಾಡಬೇಕು? ಕುಶಾಲಣ್ಣ ದೊರೆಯನ್ನು ನೋಡಲಿಲ್ಲ, ನನ್ನನ್ನು ನೋಡಿದರು. “ಪಕ್ಕದಲ್ಲಿ ಓದ್ಲಿಕ್ಕೆ ಬರೋರು ಕೂತಿದ್ರೆ ಅವರನ್ನ ಕೇಳ್ಬೇಕು. ಅವರು ಕಣ್ಣು ಮುಚ್ಕೊಂಡು ಹೋಗಿ ಹೋಗಿ ಅಂದ್ರೆ, ಕೆನ್ನೆಗೆರಡು ಕೊಟ್ಟು ಎಬ್ಬಿಸ್ಬೇಕು. ಅವತ್ತು ನಾನು ಅದನ್ನು ಮಾಡ್ಲಿಲ್ಲ, ತಪ್ಪಾಯ್ತು.” ನನಗೆ ನಾಚಿಕೆಯಾಯಿತು. ಸುಮ್ಮನೆ ಆಗಲಿಲ್ಲ, ಕಿವಿಯವರೆಗೂ ಆಯಿತು. ದೊರೆಗೆ ಹೇಳಿದೆ: “ವಿದ್ಯಾವಂತರೊಬ್ಬರ ನೆರವು ಪಡೆಯಬೇಕು ಅನ್ನುತ್ತಾರೆ.” ದೊರೆ ಮೇಜು ಕುಟ್ಟಿದರು. ಪೂರ್ತಿ ಅಂಕ! ಪಾಸು!

ನಾನು ಉಸಿರು ಬಿಡುವಷ್ಟರಲ್ಲಿ ಅವರು ಮುಂದುವರಿಸಿದರು. ಕುಶಾಲಪ್ಪ ಹುಷಾರು ತಪ್ಪಿದರೆ ಇನ್ನೊಬ್ಬ ಬೇಕಲ್ಲ. ಡ್ರೈವರ್ ಓದಿನ ಪರೀಕ್ಷೆ ಪಾಸು ಮಾಡಿದ್ದಾನೆ, ಈಗ ರೈಟರ್ ಲಾರಿಯ ಪರೀಕ್ಷೆ ಕೊಡಲಿ, ಅದಕ್ಕೆ ಪರೀಕ್ಷಕ ಕುಶಾಲಪ್ಪ. ವಾರವಿಡೀ ಕುಶಾಲಣ್ಣ ನನಗೆ ಕ್ಲಚ್ಚು, ಬ್ರೇಕು, ಗೇರು ತೋರಿಸಿಕೊಟ್ಟರು. ನಿಂತ ಲಾರಿಯನ್ನು ನಾನು ಬಹಳ ಚೆನ್ನಾಗಿ ಓಡಿಸುತ್ತಿದ್ದೆ. ಪರೀಕ್ಷೆ ನಡೆದದ್ದು ಕಾಫಿ ಒಣಗಿಸುವ ಕಣದಲ್ಲಿ. ಒಂದು ಮೂಲೆಯ ಕಾಫಿಯನ್ನಷ್ಟೇ ಬಿಟ್ಟು ಉಳಿದದ್ದನ್ನು ಗುಡಿಸಿ ಜಾಗ ಮಾಡಿದ್ದರು. ಪಿಕ್ಕಿಂಗಿನ ಹೆಂಗಸರೆಲ್ಲ ಬುಟ್ಟಿ ಇಳಿಸಿ ನಿಂತಿದ್ದರು, ಮುಂದಿನ ಸಾಲಿನಲ್ಲಿ ಹೊಸ ಸೀರೆಯುಟ್ಟ ನನ್ನ ಹೆಂಡತಿ. ಕುಶಾಲಣ್ಣ ಲಾರಿಯ ಮುಂದೆ ಹ್ಯಾಂಡಲ್ ತಿರುಗಿಸಿ ಎಂಜಿನ್ ಶುರು ಮಾಡಿ, ಬಂದು ಪಕ್ಕದಲ್ಲಿ ಕುಳಿತರು. ಲಾರಿ ಚಲಿಸಿತು. ಕಣ್ಣು ಮುಚ್ಚಿತು. ಹೆಂಗಸರು ಕೂಗಿದ್ದು, ಚಕ್ರದ ಕೆಳಗೆ ಕಾಫಿ ಪಟಪಟ ಎಂದದ್ದು, ಕುಶಾಲಣ್ಣ ನನ್ನ ಕಾಲನ್ನು ತುಳಿದು ಬ್ರೇಕು ಒತ್ತಿದ್ದು ಇಷ್ಟು ಗೊತ್ತು. ಕಣ್ಣು ಬಿಟ್ಟಾಗ ಲಾರಿ ಖಾಲಿ ಗೋಣಿಗಳ ರಾಶಿಯಲ್ಲಿ ಮೂತಿ ಹುದುಗಿಸಿ ನಿಂತಿತ್ತು.

ದೊರೆ ಬಂದರು. ಪರೀಕ್ಷಕರ ಅಭಿಪ್ರಾಯವೇನು ಎಂದರು. ಕುಶಾಲಣ್ಣ ಕೆಳಗಿಳಿದು ಹಣೆ ಒರೆಸಿಕೊಂಡು ಹೇಳಿದರು: “ಇವರು ಓದಿದವರು, ಒಳ್ಳೆಯವರು, ಎಲ್ಲ ಸರಿ. ಆದ್ರೆ ಇವರ ಕೈಗೆ ಲಾರಿ ಕೊಟ್ರೆ ಲಾರಿಯೂ ಇಲ್ಲ, ಇವರೂ ಇಲ್ಲ. ಎತ್ತಿನ ಗಾಡಿ ಸಹ ಬೇಡ. ಹಾಗೇ ಹೇಳಿ ರೈಟ್ರೇ, ನಿಮಗೂ ಒಳ್ಳೇದು.” ಎಂಥ ಪುಣ್ಯಾತ್ಮ! ಇಷ್ಟು ದಿನ ನಾನು ಕೈಮುಗಿದು ಬೇಡಿದ್ದ ಬಿಡುಗಡೆ ಅವರ ಬಾಯಿಂದ ಬಂದಿತ್ತು. ನಾನು ಅದನ್ನು ಇದ್ದದ್ದು ಇದ್ದ ಹಾಗೆ ಇಂಗ್ಲಿಷಿಗೆ ತಿರುಗಿಸಿದರೆ ಮುಗಿಯಿತು. ಬಾಯಿ ತೆರೆದೆ. ಹೆಂಗಸರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಹೆಂಡತಿ ಮಾತ್ರ ನಗದೆ ನನ್ನನ್ನೇ ನೋಡುತ್ತಿದ್ದಳು. ಜೊತೆಗೆ, ಪರೀಕ್ಷೆಯೊಂದರಲ್ಲಿ ನಾನು ಫೇಲು ಎಂದು ನನ್ನ ಬಾಯಿಂದಲೇ ಹೇಳುವುದೇ? ಅದೂ ಥೇಮ್ಸ್ ಆದ ಮೇಲೆ? “ಆರಂಭಕ್ಕೆ ಚೆನ್ನಾಗಿದೆ, ಅಭ್ಯಾಸ ಮಾಡಿದರೆ ನುರಿತ ಡ್ರೈವರ್ ಆಗುತ್ತಾರೆ, ಅನ್ನುತ್ತಾರೆ,” ಎಂದುಬಿಟ್ಟೆ.

ಅಂದಿನಿಂದ ಪ್ರತಿ ಶನಿವಾರ ದೊರೆಯ ಅಪ್ಪಣೆಯಂತೆ ಅಭ್ಯಾಸ ನಡೆಯುತ್ತಿದೆ. ನಾನು ಚಕ್ರ ಹಿಡಿಯುತ್ತೇನೆ, ಈಗೀಗ ಕಣ್ಣು ಮುಚ್ಚುವವರು ಕುಶಾಲಣ್ಣ. ಈ ನಡುವೆ ಇನ್ನೊಂದು ಬೆಳವಣಿಗೆಯಾಗಿದೆ. ದೊರೆ ಕನ್ನಡ ಕಲಿಯಬೇಕೆಂದು ಮನಸ್ಸು ಮಾಡಿದ್ದಾರೆ. ನಾನು ಕಲಿಸುತ್ತೇನೆಂದು ಮುಂದೆ ಬಂದೆ. ಬೇಡ, ನಿನಗೆ ಕೆಲಸ ಹೆಚ್ಚು, ಕುಶಾಲಪ್ಪ ಇದ್ದಾನಲ್ಲ, ಅವನೂ ಈಗ ಹೈಸ್ಕೂಲು ಮಟ್ಟದವನೇ ಎಂದರು. ಇಬ್ಬರೂ ಲಾರಿಯಲ್ಲಿ ಒಟ್ಟಿಗೆ ಕುಳಿತು ವಿರಾಜಪೇಟೆಗೆ ಹೋಗಿ ಬರುತ್ತಾರೆ, ದಾರಿಯಲ್ಲಿ ಕಂಡದ್ದನ್ನು ಬೆರಳು ಮಾಡಿ ತೋರಿಸುವುದೇ ಪಾಠ. ನಿನ್ನೆ ಆಫೀಸಿನ ಬಾಗಿಲಲ್ಲಿ ದೊರೆ ನಿಂತು, ತಮ್ಮ ಮುಖವನ್ನು ಮುಟ್ಟಿ ತೋರಿಸಿ, “ರೈಟರ್… ಕಣ್ಣು,” ಎಂದರು. ಆಮೇಲೆ ಎರಡೂ ಕಣ್ಣು ಮುಚ್ಚಿ, “ಮುಚ್ಚು,” ಎಂದು ನಕ್ಕು ಹೋದರು. ಎಲ್ಲಿಯವರೆಗೆ ಬಂದಿದೆ ಪಾಠ ಎಂದು ಕುಶಾಲಣ್ಣನನ್ನು ಹೆದರುತ್ತಲೇ ಕೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಾ, “ಸೇತುವೆ ಇನ್ನೂ ಬರ್ಲಿಲ್ಲ ರೈಟ್ರೇ,” ಎಂದರು.